ಕೆಳ ಟರ್ಬಿನೇಟಿನ ಹಿಗ್ಗುವಿಕೆ: ಗಾತ್ರ, ಅನುಭವ ಮತ್ತು ಚಿಕಿತ್ಸೆಯ ಮಿತಿ

ಮೂಗು ಕಟ್ಟುತ್ತದೆಂದು ಬರುವ ರೋಗಿಗಳ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ‘ಕೆಳ ಟರ್ಬಿನೇಟ್ ಹಿಗ್ಗಿದೆ’ ಎಂಬ ಸಾಲು ಸಾಮಾನ್ಯ. ಆ ಸಾಲೊಂದನ್ನೇ ನೆಚ್ಚಿ ಶಸ್ತ್ರಚಿಕಿತ್ಸೆಗೆ ಮುಂದಾಗಬಾರದು ಎಂಬುದು ಈ ಲೇಖನದ ವಾದ. ಟರ್ಬಿನೇಟ್ ಗಂಟೆಗಳ ಅಂತರದಲ್ಲಿ ಗಾತ್ರ ಬದಲಿಸುವ ಅಂಗ. ಸ್ಕ್ಯಾನಿನಲ್ಲಿ ಕಾಣುವುದು ಆ ಕ್ಷಣದ ಸ್ಥಿತಿ ಮಾತ್ರ.

ಮೂಗಿನ ಒಳಗೆ ಎರಡೂ ಬದಿಯ ಹೊರಗೋಡೆಯಿಂದ ಸಾಮಾನ್ಯವಾಗಿ ಮೂರು ಮೂರು ಟರ್ಬಿನೇಟುಗಳು ಚಾಚಿಕೊಂಡಿರುತ್ತವೆ. ಮೇಲಿನದು ಮತ್ತು ನಡುವಿನದು ಎಥ್ಮಾಯ್ಡ್ ಮೂಳೆಯ ಭಾಗಗಳು, ಕೆಳಗಿನದು ಸ್ವತಂತ್ರ ಮೂಳೆ. ಉಸಿರಿನ ಗಾಳಿ ಗಂಟಲು ಸೇರುವ ಮೊದಲೇ ಅದನ್ನು ಬೆಚ್ಚಗೆ, ತೇವವಾಗಿ ಮಾಡಿ ದೂಳು ಹಿಡಿದಿಡುವ ಕೆಲಸದಲ್ಲಿ ಕೆಳ ಟರ್ಬಿನೇಟಿನದೇ ದೊಡ್ಡ ಪಾಲು. ಅದರ ಲೋಳೆಪೊರೆಯ ಅಡಿಯಲ್ಲಿ ರಕ್ತ ತುಂಬಿದರೆ ಊದಿ, ಖಾಲಿಯಾದರೆ ಕುಗ್ಗುವ ಅಭಿಧಮನಿಗಳ ಜಾಲವಿದೆ. ಸಿಂಪಥೆಟಿಕ್ ನರಗಳ ಹಿಡಿತ ಸಡಿಲವಾದಾಗ ಟರ್ಬಿನೇಟ್ ಊದುತ್ತದೆ. ಆರೋಗ್ಯವಂತರಲ್ಲೂ ಒಂದು ಬದಿ ಊದಿದಾಗ ಇನ್ನೊಂದು ಕುಗ್ಗಿ, ಕೆಲವು ಗಂಟೆಗಳ ನಂತರ ಅದಲುಬದಲಾಗುವುದುಂಟು. ಈ ‘ನಾಸಿಕ ಚಕ್ರ’ವನ್ನು ಜರ್ಮನಿಯ ರಿಚರ್ಡ್ ಕೈಸರ್ 1895ರಲ್ಲಿ ವಿವರಿಸಿದರು. ಉಸಿರು ಬಲ-ಎಡ ಹೊಳ್ಳೆಗಳ ನಡುವೆ ಸರದಿ ಬದಲಿಸುವುದನ್ನು ನಮ್ಮ ಯೋಗ ಪರಂಪರೆಯ ಸ್ವರಶಾಸ್ತ್ರವೂ ಗಮನಿಸಿತ್ತು. ಆದ್ದರಿಂದ ಒಂದೇ ಬದಿಯ ಊತ ಕಂಡ ಮಾತ್ರಕ್ಕೆ ಅದು ರೋಗವಾಗದು.

ಇಡೀ ಮೂಗಿನ ಹಾದಿಯಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ಹೊಳ್ಳೆಯ ಸ್ವಲ್ಪ ಒಳಗಿರುವ ನಾಸಿಕ ಕವಾಟ. ಕೆಳ ಟರ್ಬಿನೇಟಿನ ಮುಂತುದಿ ಇರುವುದು ಅಲ್ಲಿಯೇ. ನೇರ ಕೊಳವೆಯಲ್ಲಿ ದ್ರವದ ನಯವಾದ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ಈ ಸೂತ್ರ ಮೂಗಿಗೆ ಯಥಾವತ್ತಾಗಿ ಹೊಂದದಿದ್ದರೂ ಅದರ ದಿಕ್ಕು ಸರಿಯಾಗಿದೆ: ಮುಂತುದಿಯ ತುಸು ಊತವೂ ಉಸಿರಾಟವನ್ನು ಬಹಳ ಕಷ್ಟವಾಗಿಸುತ್ತದೆ, ಹಿಂತುದಿಯ ಅಷ್ಟೇ ಊತ ಅಷ್ಟಾಗಿ ತೊಂದರೆ ಕೊಡದೆ ಇರಬಹುದು.

ಇನ್ನೂ ಮುಖ್ಯವಾದದ್ದು ರೋಗಿಯ ಅನುಭವ. ಕಾರ್ಡಿಫ್‌ನ ರೊನಾಲ್ಡ್ ಎಕ್ಲೆಸ್ ಮತ್ತು ಸಂಗಡಿಗರು 1983ರಲ್ಲಿ ಕರ್ಪೂರ, ನೀಲಗಿರಿ ಮತ್ತು ಮೆಂಥಾಲ್ ಆವಿಯನ್ನು ಪರೀಕ್ಷಿಸಿದರು. ಮೂಗು ತೆರೆದಂತೆ ಜನರಿಗೆ ಅನಿಸಿತು, ಆದರೆ ಅಳೆದಾಗ ಗಾಳಿಯ ತಡೆಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ತಂಪನ್ನೂ ಮೆಂಥಾಲನ್ನೂ ಗುರುತಿಸುವ ಟಿ.ಆರ್.ಪಿ.ಎಂ.8 ಗ್ರಾಹಕವನ್ನು 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರ ತಂಡಗಳು ಬೇರೆಬೇರೆಯಾಗಿ ವಿವರಿಸಿದವು. ಗಾಳಿ ಲೋಳೆಪೊರೆಯನ್ನು ತಂಪಾಗಿಸಿದಾಗಲೇ ಮಿದುಳಿಗೆ ‘ಉಸಿರಾಡುತ್ತಿದ್ದೇನೆ’ ಎಂಬ ಸುದ್ದಿ ಮುಟ್ಟುತ್ತದೆ. ಹಾದಿ ಎಷ್ಟು ಅಗಲವಾದರೂ ಈ ಸುದ್ದಿ ಒಯ್ಯುವ ಲೋಳೆಪೊರೆ ಉಳಿಯದಿದ್ದರೆ ಪ್ರಯೋಜನವಿಲ್ಲ.

ಊತದ ಕಾರಣಗಳಲ್ಲಿ ಅಲರ್ಜಿ ಮುಂಚೂಣಿಯಲ್ಲಿದೆ. ಮನೆದೂಳಿನ ನುಸಿ, ಶಿಲೀಂಧ್ರ, ಪರಾಗ ಎಲ್ಲೆಡೆಯೂ ಉಂಟು. ಬೆಂಗಳೂರಿನಲ್ಲಿ ಇವುಗಳ ಜೊತೆಗೆ ಕಾಂಗ್ರೆಸ್ ಗಿಡ ಎಂದೇ ಜನ ಕರೆಯುವ ಪಾರ್ಥೇನಿಯಂನ ಪರಾಗವೂ ಮೂಗಿನ ಅಲರ್ಜಿಗೆ ಕಾರಣವೆಂದು ಅಧ್ಯಯನಗಳು ತೋರಿಸಿವೆ. ಗರ್ಭಾವಸ್ಥೆ ಮತ್ತು ಥೈರಾಯ್ಡ್ ಕೊರತೆಯಲ್ಲೂ ಟರ್ಬಿನೇಟ್ ಊದಬಹುದು. ನಡುಗೋಡೆ ಒಂದು ಕಡೆಗೆ ವಾಲಿದ್ದರೆ, ಎದುರು ಬದಿಯ ಟರ್ಬಿನೇಟ್ ದಪ್ಪಗಾಗುವುದು ಸಾಮಾನ್ಯ. ಅಲ್ಲಿ ಮೂಳೆಯೂ ಬೆಳೆದಿರುತ್ತದೆ, ಔಷಧಿ ಅದನ್ನು ಕರಗಿಸದು. ಅಂಗಡಿಯಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಬಿಟ್ಟುಕೊಳ್ಳುವ ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಡ್ರಾಪ್ಸ್‌ಗಳ ಕಥೆಯೇ ಬೇರೆ. ಅವು ನಿಮಿಷಗಳಲ್ಲಿ ಮೂಗು ಬಿಡಿಸುತ್ತವೆ, ಪರಿಣಾಮ ಇಳಿದಾಗ ಮತ್ತೆ ಕಟ್ಟುತ್ತದೆ, ರೋಗಿ ಮತ್ತೆ ಬಾಟಲಿಗೆ ಕೈ ಹಾಕುತ್ತಾನೆ. ಐದು ದಿನ ಮೀರಿ ಇವನ್ನು ಬಳಸದಿರುವುದು ಕ್ಷೇಮ.

ಪರೀಕ್ಷೆಯಲ್ಲಿ ಹೆಚ್ಚು ಹೇಳಿಕೊಡುವುದು ಸರಳ ಕ್ರಮವೇ. ಹಿಗ್ಗಿದ ಟರ್ಬಿನೇಟನ್ನು ‘ಮೂಗಿನಲ್ಲಿ ಮಾಂಸ ಬೆಳೆದಿದೆ’ ಎಂದು ಹೇಳಿಸಿಕೊಂಡು ಹೆದರಿ ಬಂದವರು ಬಹಳ. ನಿಜವಾಗಿ ಬೆಳೆಯುವ ಮಾಂಸವಾದ ಪಾಲಿಪ್ ಸಾಮಾನ್ಯವಾಗಿ ಬಿಳಿಚಿಕೊಂಡು ಹೊಳೆಯುತ್ತದೆ, ಸಲಾಕೆ ತಾಗಿಸಿದರೆ ನೋಯುವುದಿಲ್ಲ, ಅತ್ತಿತ್ತ ಅಲುಗುತ್ತದೆ. ಟರ್ಬಿನೇಟ್ ಹೊರಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಮುಟ್ಟಿದರೆ ರೋಗಿ ಮುಖ ಹಿಂಡುತ್ತಾನೆ. ಊತ ಇಳಿಸುವ ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಮೂಗಿನಲ್ಲಿಟ್ಟು ತೆಗೆದ ಮೇಲೆ ಟರ್ಬಿನೇಟ್ ಕುಗ್ಗಿ ಉಸಿರು ಸರಾಗವಾದರೆ ದೋಷ ಲೋಳೆಪೊರೆಯದು. ಕುಗ್ಗದಿದ್ದರೆ ಮೂಳೆಯನ್ನೋ ದೀರ್ಘಕಾಲದ ದಪ್ಪವನ್ನೋ ಅನುಮಾನಿಸಬೇಕು.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಉಪ್ಪುನೀರಿನಿಂದ ತೊಳೆಯುವುದಕ್ಕೆ ಮತ್ತು ಸ್ಟಿರಾಯ್ಡ್ ಸ್ಪ್ರೇಗೆ. ತೊಳೆಯುವ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಸ್ಪ್ರೇ ‘ಫಲ ಕೊಡಲಿಲ್ಲ’ ಎನ್ನುವವರಿಗೆ ಎದುರಿನಲ್ಲೇ ಬಳಸಿ ತೋರಿಸಲು ಹೇಳಬೇಕು. ತಲೆ ಹಿಂದಕ್ಕೆ ವಾಲಿಸಿ, ನಳಿಕೆಯನ್ನು ನಡುಗೋಡೆಗೆ ಗುರಿಯಿಟ್ಟು ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ ಇಳಿಯುತ್ತದೆ, ನಡುಗೋಡೆಯಿಂದ ರಕ್ತ ಬರುತ್ತದೆ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿದರೆ ನಳಿಕೆ ತಾನಾಗಿ ಹೊರಗೋಡೆಯತ್ತ ತಿರುಗುತ್ತದೆ. ಪೂರ್ಣ ಫಲ ಕಾಣಲು ವಾರಗಳು ಬೇಕು, ಇದನ್ನು ಮೊದಲೇ ತಿಳಿಸದಿದ್ದರೆ ರೋಗಿ ನಾಲ್ಕು ದಿನಕ್ಕೇ ಬಿಟ್ಟುಬಿಡುತ್ತಾನೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಉಸಿರಾಟ ಸುಧಾರಿಸದವರಿಗೆ ಶಸ್ತ್ರಚಿಕಿತ್ಸೆ ನಿಜವಾಗಿ ನೆರವಾಗುತ್ತದೆ. ಪ್ರಶ್ನೆ ಇರುವುದು ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು ಎಂಬುದರಲ್ಲಿ. ಇಟಲಿಯ ಪಸ್ಸಾಲಿ ಮತ್ತು ಸಂಗಡಿಗರು 382 ರೋಗಿಗಳನ್ನು ಯಾದೃಚ್ಛಿಕವಾಗಿ ಆರು ವಿಧಾನಗಳಿಗೆ ಹಂಚಿ, ಆರು ವರ್ಷ ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೇಸರ್, ವಿದ್ಯುತ್ ದಹನ, ಶೀತಚಿಕಿತ್ಸೆ, ಪೂರ್ಣ ಛೇದನ ಇವೆಲ್ಲಕ್ಕಿಂತ ಲೋಳೆಪೊರೆಯನ್ನು ಉಳಿಸಿ ಅಡಿಯ ಭಾಗವನ್ನಷ್ಟೇ ತೆಗೆಯುವ ವಿಧಾನ ಮೇಲೆನಿಸಿತು. ಅದರ ಜೊತೆಗೆ ಟರ್ಬಿನೇಟನ್ನು ಹೊರಕ್ಕೆ ಸರಿಸಿದಾಗ ಫಲಿತಾಂಶ ಇನ್ನೂ ಉತ್ತಮವಾಯಿತು. ಲೋಳೆಯನ್ನು ಹಿಂದಕ್ಕೆ ಸಾಗಿಸುವ ಸೂಕ್ಷ್ಮ ರೋಮಗಳ ಕೆಲಸವೂ ಈ ವಿಧಾನದ ರೋಗಿಗಳಲ್ಲಿ ಮರಳಿತ್ತು.

ಅತಿಯಾಗಿ ಕತ್ತರಿಸಿದರೆ ಏನಾಗಬಹುದೆಂಬುದಕ್ಕೆ ಮೇಯೋ ಕ್ಲಿನಿಕ್‌ನ ಯೂಜಿನ್ ಕರ್ನ್ ಮತ್ತು ಮೋನಿಕಾ ಸ್ಟೆನ್‌ಕ್ವಿಸ್ಟ್ 1994ರಲ್ಲಿ ‘ಖಾಲಿ ಮೂಗು’ ಎಂಬ ಹೆಸರಿಟ್ಟರು. ಸ್ಕ್ಯಾನಿನಲ್ಲಿ ಹಾದಿ ವಿಶಾಲ, ಆದರೂ ರೋಗಿಗೆ ಉಸಿರುಗಟ್ಟಿದಂತೆ ಸಂಕಟ, ಒಣಗಿದ ಹಕ್ಕಳೆ, ನಿದ್ದೆಗೇಡು. ಅದನ್ನು ಮನೋಭ್ರಮೆಯೆಂದು ತಳ್ಳಿಹಾಕುವುದು ಕ್ರೂರ, ತಂಪಿನ ಗ್ರಾಹಕಗಳ ಬಗ್ಗೆ ನಮಗಿರುವ ತಿಳಿವಳಿಕೆಗೂ ವಿರುದ್ಧ. ಪೂರ್ತಿ ಕತ್ತರಿಸಿದವರೆಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆದವರಿಗೆ ಕಳೆದುಹೋದ ಟರ್ಬಿನೇಟನ್ನು ಮರಳಿ ಬೆಳೆಸಿಕೊಡುವ ವಿಧಾನ ಇಂದಿಗೂ ಇಲ್ಲ.

ಕಿವಿ-ಮೂಗು-ಗಂಟಲು ತಜ್ಞರಲ್ಲಿ ಒಂದು ಕೋರಿಕೆ: ಶಸ್ತ್ರಚಿಕಿತ್ಸೆಗೆ ಮೊದಲು ಅಲರ್ಜಿಯ ವಿಚಾರಣೆ, ಔಷಧಿಗೆ ಟರ್ಬಿನೇಟ್ ಕುಗ್ಗಿದ ಪ್ರಮಾಣ, ಸ್ಪ್ರೇಯನ್ನು ಸರಿಯಾದ ಕ್ರಮದಲ್ಲಿ ಬಳಸಿದ ವಾರಗಳು ಇವು ಮೂರನ್ನೂ ರೋಗಿಯ ಕಡತದಲ್ಲಿ ಬರೆದಿಡಿ, ಎಷ್ಟು ಭಾಗ ತೆಗೆಯುತ್ತೀರಿ ಎಂಬುದನ್ನು ರೋಗಿಗೆ ಮೊದಲೇ ಹೇಳಿ.