ಬೆನಿನ್ ಅರಮನೆಯ ಹಿತ್ತಾಳೆ ಫಲಕಗಳು

ಭೂಪಟದಲ್ಲಿ ಬೆನಿನ್ ಎಂಬ ಹೆಸರನ್ನು ಹುಡುಕುವ ವಿದ್ಯಾರ್ಥಿಯು ಮೊದಲಿಗೆ ತಪ್ಪು ಸ್ಥಳದಲ್ಲಿ ಬೆರಳಿಡುವುದುಂಟು, ನಾವೂ ಇಟ್ಟಿದ್ದೆವು. ಇಂದು ಬೆನಿನ್ ಗಣರಾಜ್ಯವೆನಿಸಿರುವುದು ಹಿಂದಿನ ದಹೋಮಿ. ನಾವು ಹೇಳಹೊರಟಿರುವ ಬೆನಿನ್ ರಾಜ್ಯವಾದರೋ ಅದಕ್ಕೆ ಪೂರ್ವದಲ್ಲಿ, ಈಗಿನ ನೈಜೀರಿಯದೊಳಗೆ, ಎದೋ ಜನರು ಕಟ್ಟಿದುದು. ಅಲ್ಲಿಯ ಅರಸನನ್ನು ಓಬಾ ಎಂದು ಕರೆಯುತ್ತಾರೆ.

ಓಬಾನ ಅರಮನೆಯಲ್ಲಿದ್ದ ಹಿತ್ತಾಳೆಯ ಫಲಕಗಳಲ್ಲಿ ಅರಸರೂ ಯೋಧರೂ ಪೋರ್ಚುಗೀಸರೂ ಮೂಡಿನಿಂತಿದ್ದರು. ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರಹರಿಸಿ, ಆ ಬರಿದಾದ ಎಡೆಯಲ್ಲಿ ಕಾಯ್ದ ಲೋಹವನ್ನು ಹೊಯ್ಯುವುದು ಅವರ ಕ್ರಮ. ನಮ್ಮ ಉತ್ಸವಮೂರ್ತಿಗಳನ್ನು ಎರೆಯುವ ಶಿಲ್ಪಿಗಳೂ ಬಲ್ಲ ಕ್ರಮವೇ ಇದು. ಲೋಹವು ಬಹುಮಟ್ಟಿಗೆ ಯೂರೋಪಿನ ವರ್ತಕರು ತಂದ ಮನಿಲ್ಲಾ ಎಂಬ ಬಳೆಗಳಿಂದ ದೊರೆಯುತ್ತಿತ್ತು. ಅದೇ ಬಳೆಗಳನ್ನು ತೆತ್ತು ಗುಲಾಮರನ್ನೂ ಕೊಳ್ಳುತ್ತಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ.

೧೮೯೭ರ ಜನವರಿಯಲ್ಲಿ ಫಿಲಿಪ್ಸ್ ಎಂಬ ಬ್ರಿಟಿಷ್ ಅಧಿಕಾರಿಯು, ಓಬಾ ವ್ರತದಲ್ಲಿರುವನು, ಈಗ ಬರಬೇಡಿರೆಂಬ ಸೂಚನೆಯನ್ನು ಲೆಕ್ಕಿಸದೆ ಹೊರಟು, ದಾರಿಯಲ್ಲಿ ಸಂಗಡಿಗರೊಡನೆ ಹತನಾದನು. ಫೆಬ್ರವರಿಯಲ್ಲಿ ಬ್ರಿಟಿಷರ ಸೈನ್ಯವು ನಗರವನ್ನು ಹಿಡಿಯಿತು. ನಗರವು ಸುಟ್ಟಿತು, ಅರಮನೆಯು ಬರಿದಾಯಿತು. ಓಬಾ ಒವೊನ್‌ರಾಮ್ವೆನ್ ಕಾಲಬಾರಿಗೆ ಗಡೀಪಾರಾಗಿ ೧೯೧೪ರಲ್ಲಿ ಅಲ್ಲಿಯೇ ಮಡಿದನು. ಸಾವಿರಾರು ವಸ್ತುಗಳು ಹರಾಜಿನ ಮೂಲಕ ಲಂಡನ್, ಬರ್ಲಿನ್, ವಿಯೆನ್ನಾ ಮೊದಲಾದ ಕಡೆಗಳಿಗೆ ಚೆದರಿದುವು.

ಮರಳಿದುದು ಅತ್ಯಲ್ಪ. ೧೯೩೮ರಲ್ಲಿ ಹವಳದ ಎರಡು ಕಿರೀಟಗಳು ಓಬಾ ಎರಡನೆಯ ಅಕೆಂಜುವಾನಿಗೆ ದೊರೆತುವು. ೧೯೫೦ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂ ಕೆಲವು ಫಲಕಗಳನ್ನು ‘ಜೋಡಿ ಪ್ರತಿ’ಗಳೆಂದು ಬಗೆದು ನೈಜೀರಿಯಕ್ಕೇ ಮಾರಿತು! ಕಳೆದುಕೊಂಡವರೇ ಹಣ ತೆರಬೇಕಾಯಿತು. ಅದೇ ಮ್ಯೂಸಿಯಮ್ಮಿನ ಕೈಯನ್ನು ೧೯೬೩ರ ಶಾಸನವು ಇಂದಿಗೂ ಕಟ್ಟಿದೆಯೆನ್ನುತ್ತಾರೆ.

೨೦೧೦ರಲ್ಲಿ ಬೆನಿನ್ ಸಂವಾದ ಕೂಟವು ರೂಪುಗೊಂಡಿತು. ನೈಜೀರಿಯದ ವಸ್ತುಸಂಗ್ರಹಾಲಯಾಧಿಕಾರಿಗಳೂ ಅರಮನೆಯ ಪ್ರತಿನಿಧಿಗಳೂ ಯೂರೋಪಿನ ಸಂಗ್ರಹಾಲಯಗಳವರೂ ಒಂದೇ ಮೇಜಿನ ಸುತ್ತ ಕುಳಿತರು. ೨೦೧೮ರಲ್ಲಿ ಲೈಡನ್ ನಗರದಲ್ಲಿ ಅವರು ಒಪ್ಪಿದುದು, ಬೆನಿನ್ ನಗರದಲ್ಲಿ ಕಟ್ಟಲಿರುವ ಸಂಗ್ರಹಾಲಯಕ್ಕೆ ವಸ್ತುಗಳನ್ನು ಸರದಿಯಂತೆ ಎರವಲು ಕೊಡುವುದೆಂದು. ತನ್ನ ಮನೆಯ ಒಡವೆಯನ್ನು ಒಯ್ದವನಿಂದಲೇ ಎರವಲು ಪಡೆಯುವುದು ನಮಗೆ ವಿಚಿತ್ರವಾಗಿಯೇ ತೋರುತ್ತದೆ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ೨೦೨೨ರ ಜುಲೈ ೧ರಂದು ಜರ್ಮನಿಯು ಒಡೆತನವನ್ನೇ ಬಿಟ್ಟುಕೊಡುವ ಒಪ್ಪಂದಕ್ಕೆ ಬಂದಿತು. ಅದೇ ನವೆಂಬರಿನಲ್ಲಿ ೨೦ ದೇಶಗಳ ೧೩೧ ಸಂಸ್ಥೆಗಳಲ್ಲಿರುವ ಐದು ಸಾವಿರಕ್ಕೂ ಮಿಕ್ಕ ವಸ್ತುಗಳ ಪಟ್ಟಿಯು ಎದೋ ಭಾಷೆಯ ಹೆಸರುಗಳೊಡನೆ ಎಲ್ಲರಿಗೂ ತೆರೆದುಕೊಂಡಿತು. ಶಿಕ್ಷಕರಾದ ನಾವು ಇದನ್ನು ಸಣ್ಣ ಕೆಲಸವೆಂದು ತಿಳಿಯಲಾರೆವು. ವಸ್ತುವು ದೂರದಲ್ಲಿದ್ದರೂ ಅದರ ಹೆಸರಾದರೂ ಊರಿಗೆ ಬಂದಿತಲ್ಲವೇ?

೨೦೨೩ರಲ್ಲಿ ನೈಜೀರಿಯದ ಅಧ್ಯಕ್ಷರು, ಮರಳಿಬಂದುವುಗಳ ಒಡೆಯನು ಓಬಾನೇ ಎಂದು ಘೋಷಿಸಿದರು. ಸಾರ್ವಜನಿಕರ ಸ್ವತ್ತು ಒಂದು ಮನೆತನಕ್ಕೆ ಸೇರಿತೆಂದು ಯೂರೋಪಿನಲ್ಲಿ ಕೆಲವರು ಗೊಣಗಿದರು. ಒಯ್ದುದು ಅರಮನೆಯಿಂದಲೇ ತಾನೆ! ಡಚ್ಚರು ಇದರಿಂದ ಹಿಂಜರಿಯಲಿಲ್ಲ. ೨೦೨೫ರ ಜೂನ್ ತಿಂಗಳಲ್ಲಿ ಅವರು ಮರಳಿಸಿದ ೧೧೯ ವಸ್ತುಗಳನ್ನು ಲಾಗೋಸ್ ನಗರದಲ್ಲಿ ಸ್ವಾಗತಿಸಲಾಯಿತು.