ಎಷ್ಟು ಓಡಿದೆ ಈ ಗಾಡಿ?

ಮದ್ದೂರಿನ ಎಳನೀರು ಮಾರುಕಟ್ಟೆಯ ಬಳಿಯಾಗಲಿ, ಮಳವಳ್ಳಿಯ ಯಾವುದಾದರೂ ಗ್ಯಾರೇಜಿನ ಮುಂದಾಗಲಿ, ಹಳೆಯ ಡೀಸೆಲ್ ಪಿಕ್‌ಅಪ್ ಕೊಳ್ಳಲು ಬಂದವರು ಮೊದಲು ಕೇಳುವುದು ‘ಎಷ್ಟು ಓಡಿದೆ?’ ಎಂದೇ. ಮಾರುವವರು ಮೀಟರಿನತ್ತ ಬೆರಳು ತೋರಿಸುತ್ತಾರೆ. ಕೊಳ್ಳುವವರು ಅದನ್ನು ನಂಬುವುದಿಲ್ಲ. ಆದರೂ ಕೇಳದೆ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯ ವ್ಯಾಪಾರದಲ್ಲಿ ಇದು ಕುಶಲ ಪ್ರಶ್ನೆಯಿದ್ದ ಹಾಗೆ.

ಮಂಡ್ಯ ಸೀಮೆಯಲ್ಲಿ ಈ ವ್ಯಾಪಾರ ಬೇರೂರಿದ್ದಕ್ಕೆ ಇಲ್ಲಿನ ಬೆಳೆಗಳೇ ಕಾರಣ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದ ಕಾಲಕ್ಕೆ ಕಬ್ಬು ಎತ್ತಿನ ಗಾಡಿಯಲ್ಲೇ ಕಾರ್ಖಾನೆ ಸೇರುತ್ತಿತ್ತು. ಕಬ್ಬಿಗೆ ಆ ವೇಗ ಹೇಗೋ ಸಾಕಾಗಿತ್ತು. ರೇಷ್ಮೆಗೂಡಿನ ಮಾತು ಬೇರೆ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆಯುವ ಮೊದಲು ರಾಮನಗರದ ಮಾರುಕಟ್ಟೆ ಮುಟ್ಟಬೇಕು. ಎಳನೀರು, ತರಕಾರಿ ಬೆಂಗಳೂರಿಗೆ ಹೋಗಬೇಕು. ಆಲೆಮನೆಯ ಬೆಲ್ಲ ಮಂಡ್ಯದ ಎಪಿಎಂಸಿಗೆ ಬರಬೇಕು. ಇಷ್ಟಕ್ಕೆ ಲಾರಿ ದೊಡ್ಡದಾಯಿತು, ಎತ್ತಿನ ಗಾಡಿ ನಿಧಾನವಾಯಿತು. ನಡುವಿನ ಜಾಗಕ್ಕೆ ಬಂದದ್ದು ಸಣ್ಣ ಡೀಸೆಲ್ ಗಾಡಿ.

ಅದರ ಚರಿತ್ರೆ ನಮ್ಮ ಬಾಯಲ್ಲಿರುವ ಹೆಸರುಗಳಲ್ಲೇ ಇದೆ. ನಾವು ‘ಟೆಂಪೊ’ ಎನ್ನುವುದು ಜರ್ಮನಿಯ ಹ್ಯಾಂಬರ್ಗ್ ಬಳಿಯ ಕಾರ್ಖಾನೆಯೊಂದರ ಹೆಸರು. ಅದರ ಸಹಯೋಗದಲ್ಲಿ 1958ರಲ್ಲಿ ಆರಂಭವಾದ ಬಜಾಜ್ ಟೆಂಪೊ ಕಂಪನಿ ಮೊದಲು ಮೂರು ಚಕ್ರದ ಗಾಡಿಯನ್ನೂ ಅನಂತರ ಮೆಟಡೋರನ್ನೂ ತಂದಿತು. ಮದುವೆ ದಿಬ್ಬಣಕ್ಕೂ ತರಕಾರಿ ಮೂಟೆಗೂ ಒಂದೇ ಮೆಟಡೋರ್ ಆಗುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. 1980ರ ದಶಕದಲ್ಲಿ ಟೊಯೊಟಾ, ನಿಸಾನ್, ಮಜ್ದಾ, ಮಿತ್ಸುಬಿಷಿ ಎಂಬ ನಾಲ್ಕು ಜಪಾನೀ ಕಂಪನಿಗಳು ಭಾರತೀಯ ಪಾಲುದಾರರೊಡನೆ ಸಣ್ಣ ಟ್ರಕ್ಕುಗಳ ತಯಾರಿಕೆಗೆ ಇಳಿದವು. ಮಿತ್ಸುಬಿಷಿ ಜೊತೆ ಐಷರ್ ತಯಾರಿಸಿದ ಗಾಡಿಯ ಹೆಸರು ಕ್ಯಾಂಟರ್. ಇವತ್ತು ಯಾವ ಕಂಪನಿಯ ಮಧ್ಯಮ ಗಾತ್ರದ ಟ್ರಕ್ಕಾದರೂ ನಮ್ಮ ಜನಕ್ಕೆ ಅದು ಕ್ಯಾಂಟರ್ರೇ! 1986ರಲ್ಲಿ ಟಾಟಾ 407 ಬಂದಿತು. 2005ರಲ್ಲಿ ಟಾಟಾ ಏಸ್. ಮಹೀಂದ್ರ ಜೀಪಿನ ವಂಶದಿಂದ ಬೊಲೆರೊ ಪಿಕ್‌ಅಪ್ ಹುಟ್ಟಿತು. ನಗರದಲ್ಲಿ ಕೆಲವು ವರ್ಷ ದುಡಿದ ಗಾಡಿ ಎರಡನೆಯ, ಮೂರನೆಯ ಮಾಲೀಕನನ್ನು ಹುಡುಕಿಕೊಂಡು ತಾಲ್ಲೂಕಿಗೆ ಬರುವುದು ವಾಡಿಕೆ.

ಅಷ್ಟು ದುಡಿದ ಮೇಲೂ ಅದಕ್ಕೆ ಬೆಲೆ ಹೇಗೆ? ಡೀಸೆಲ್ ಇಂಜಿನ್ನಿನ ಗುಣವೇ ಅಂಥದು. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಈ ಯಂತ್ರದಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಾಳಲು ಇಂಜಿನ್ನನ್ನು ಗಟ್ಟಿಯಾಗಿ ಮಾಡಲೇಬೇಕು. ಸವೆದರೆ ಬೋರ್ ಮಾಡಿಸಿಯೋ ಲೈನರ್ ಬದಲಿಸಿಯೋ ಮತ್ತೆ ಓಡಿಸಬಹುದು. ಆದ್ದರಿಂದ ಎರಡು ಲಕ್ಷ ಕಿಲೋಮೀಟರ್ ಎಂಬ ಅಂಕಿಗೆ ನಮ್ಮ ಮೆಕ್ಯಾನಿಕ್ ಬೆಚ್ಚುವುದಿಲ್ಲ. ಹಳೆಯ ಎಷ್ಟೋ ಗಾಡಿಗಳ ಮೀಟರಿಗೆ ಐದೇ ಅಂಕಿ; 99,999 ಆದ ಮೇಲೆ ಮತ್ತೆ ಸೊನ್ನೆ. ಅದು ಎಷ್ಟನೆಯ ಸುತ್ತು ಎಂದು ಮೀಟರ್ ಹೇಳುವುದಿಲ್ಲ. ಕೇಬಲ್ ಕಿತ್ತಿಟ್ಟು ಓಡಿಸಿದ ವರ್ಷಗಳ ಲೆಕ್ಕವಂತೂ ಯಾರಿಗೂ ಇಲ್ಲ.

ಬಲ್ಲವರು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ಹೋಗುತ್ತಾರೆ. ಮಾಲೀಕ ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿಸಿ ನಿಲ್ಲಿಸಿದ್ದರೆ ಅನುಮಾನ ಪಡುವುದು ನ್ಯಾಯ: ಸವೆದ ಇಂಜಿನ್ ತಣ್ಣಗಿದ್ದಾಗ ಸುಲಭವಾಗಿ ಹತ್ತುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ಉಗಿಯಂತೆ ನುಗ್ಗಿದರೆ ಒಳಗಿನ ರಿಂಗುಗಳು ಸೋತಿವೆ ಎಂದರ್ಥ. ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದು ಮೀಟರ್ ಮಾತ್ರ ನಲವತ್ತು ಸಾವಿರ ತೋರಿಸಿದರೆ ಸುಳ್ಳು ಯಾವುದೆಂದು ಬೇರೆ ಹೇಳಬೇಕಿಲ್ಲ. ಬಗ್ಗಿ ಚಾಸಿಯನ್ನೂ ನೋಡಬೇಕು. ನೆಟ್ಟಗಿದ್ದ ಸ್ಪ್ರಿಂಗ್ ಪಟ್ಟಿಗಳಿಗಿಂತ, ಹೊಸದಾಗಿ ಸೇರಿಸಿದ ಹೆಚ್ಚುವರಿ ಪಟ್ಟಿ ಕಂಡರೆ ನನಗೆ ಗಾಡಿಯ ಪೂರ್ವಾಶ್ರಮ ಚೆನ್ನಾಗಿ ತಿಳಿಯುತ್ತದೆ. ಒಂದು ಟನ್ನಿನ ಗಾಡಿ ಎರಡು ಟನ್ ಹೊತ್ತ ಗುರುತು ಅದು.

ಇಂಜಿನ್ ಕೆಟ್ಟರೆ ಹಣ ಹೋಗುತ್ತದೆ. ಕಾಗದ ಕೆಟ್ಟರೆ ಜಮೀನೂ ಹೋಗಬಹುದು. ಹಳ್ಳಿಯ ವ್ಯಾಪಾರದಲ್ಲಿ ಇಂದಿಗೂ ಮಾರಿದವರು ಖಾಲಿ ಫಾರಂಗಳಿಗೆ ಸಹಿ ಹಾಕಿ ಆರ್‌ಸಿ ಪುಸ್ತಕದ ಜೊತೆ ಕೊಟ್ಟುಬಿಡುವುದುಂಟು. ಕೊಂಡವರು ಹೆಸರು ಬದಲಿಸದೆ ಇನ್ನೊಬ್ಬರಿಗೆ ಮಾರುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೇ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಹೀಗೆ ಹಲವು ಕೈ ದಾಟಿದ ಕಾರೊಂದರ ಅಪಘಾತದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಯಾರ ಹೆಸರಿನಲ್ಲಿ ನೋಂದಣಿ ಉಳಿದಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು 2018ರ ಫೆಬ್ರವರಿಯಲ್ಲಿ ಕೋರ್ಟು ಹೇಳಿತು. ಗಾಡಿ ಮಾರಿ ವರ್ಷಗಳಾಗಿ, ಈಗ ಅದು ಯಾವ ಊರಿನಲ್ಲಿದೆಯೆಂದೂ ತಿಳಿಯದ ರೈತನಿಗೆ ನೋಟಿಸು ಬಂದರೆ, ಜೊತೆಗೆ ಗಾಡಿಗೆ ವಿಮೆಯೂ ಇಲ್ಲದಿದ್ದರೆ, ಅವನ ಪಾಡೇನು?

ಕೊಳ್ಳುವವರ ಅಪಾಯವೂ ಕಡಿಮೆಯಲ್ಲ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಉಳಿದಿದ್ದರೆ, ಸಾಲ ತೀರಿದ ಪತ್ರವೂ 35ನೇ ನಮೂನೆಯೂ ಇಲ್ಲದೆ ಅದನ್ನು ತೆಗೆಸಲಾಗದು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಆಗಬೇಕು. ಹದಿನೈದು ದಾಟಿದವುಗಳ ಎಫ್‌ಸಿ ಶುಲ್ಕ 2022ರ ಏಪ್ರಿಲ್‌ನಲ್ಲಿ ಬಹಳವೇ ಏರಿತು. ಇತ್ತ 2020ರಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಗಾಡಿಯ ಬೆಲೆಯೂ, ಅದರೊಳಗಿನ ಎಲೆಕ್ಟ್ರಾನಿಕ್ ಕಸುಬೂ ಹೆಚ್ಚಿ, ಸ್ಪ್ಯಾನರ್ ಹಿಡಿದು ರಿಪೇರಿ ಮಾಡಬಹುದಾದ ಹಳೆಯ ಗಾಡಿಯ ಆಸೆ ಇನ್ನಷ್ಟು ಬಲವಾಗಿದೆ.

ಮುಂಗಡ ಕೊಟ್ಟು ಕೈಕುಲುಕಿದ ದಿನವೇ ಇಬ್ಬರೂ ಒಂದೇ ಬಸ್ಸು ಹತ್ತಿ ಮಂಡ್ಯದ ಆರ್‌ಟಿಒ ಕಚೇರಿಗೆ ಹೋಗಿ 29, 30ನೇ ನಮೂನೆಗಳನ್ನು ತುಂಬಿ ಕೊಡುವುದಕ್ಕೆ ಅರ್ಧ ದಿನ ಸಾಕು. ಬಾಕಿ ಹಣವನ್ನು ಹೊಸ ಹೆಸರಿನ ಆರ್‌ಸಿ ಕೈಗೆ ಬಂದ ಮೇಲೆ ಎಣಿಸಿ ಕೊಟ್ಟರಾಯಿತು.