ದಾಯಾದಿ ಕಾಲೇಜುಗಳ ಎರಡು ಶತಮಾನದ ಜಿದ್ದು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಿಲಿಯಮ್ಸ್‌ಟೌನ್ ಮತ್ತು ಆಮ್ಹರ್ಸ್ಟ್ ಎಂಬ ಎರಡು ಸಣ್ಣ ಊರುಗಳಿವೆ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ, ಎಲೆಯುದುರಿ ಚಳಿ ಬಿಗಿಯಾಗುವ ಹೊತ್ತಿಗೆ, ಈ ಎರಡರಲ್ಲಿ ಒಂದು ಊರು ಸರದಿಯಂತೆ ಒಂದು ಶನಿವಾರದ ಮಟ್ಟಿಗೆ ಜಾತ್ರೆಯ ಊರಾಗುತ್ತದೆ. ನರೆತ ತಲೆಯ ವಕೀಲರು, ವೈದ್ಯರು, ಬ್ಯಾಂಕಿನ ದೊಡ್ಡ ಅಧಿಕಾರಿಗಳು ಕೊರಳಿಗೆ ನೇರಳೆ ಬಣ್ಣದ ಶಾಲು ಸುತ್ತಿಕೊಂಡು ಮಕ್ಕಳು ಮೊಮ್ಮಕ್ಕಳೊಡನೆ ಬಂದಿಳಿಯುತ್ತಾರೆ. ವಿಲಿಯಮ್ಸ್ ಕಾಲೇಜಿಗೂ ಆಮ್ಹರ್ಸ್ಟ್ ಕಾಲೇಜಿಗೂ ನಡೆಯುವ ಫುಟ್‌ಬಾಲ್ ಪಂದ್ಯವನ್ನು ನೋಡುವುದು ಅವರ ಉದ್ದೇಶ. ಬರಲಾಗದವರು ದೂರದ ನಗರಗಳಲ್ಲಿ ಒಂದೆಡೆ ಸೇರಿ ಪರದೆಯ ಮುಂದೆ ಕೂರುತ್ತಾರೆ.

ಇಷ್ಟಕ್ಕೂ ಇವು ದೊಡ್ಡ ಕಾಲೇಜುಗಳೇನಲ್ಲ. ಒಂದೊಂದರಲ್ಲಿ ಓದುವವರು ಸುಮಾರು ಎರಡು ಸಾವಿರ ಮಂದಿ. ಆಟದಲ್ಲಿ ಚೆನ್ನಾಗಿದ್ದಾನೆಂಬ ಕಾರಣಕ್ಕೆ ಇಲ್ಲಿ ಯಾರಿಗೂ ವಿದ್ಯಾರ್ಥಿವೇತನ ಸಿಗುವುದಿಲ್ಲ. ಇಲ್ಲಿ ಆಡಿದವರಲ್ಲಿ ಹೆಚ್ಚಿನವರು ಮುಂದೆ ವೃತ್ತಿಪರ ಆಟಗಾರರಾಗುವುದೂ ಇಲ್ಲ. ಲಕ್ಷ ಜನ ಹಿಡಿಯುವ ಕ್ರೀಡಾಂಗಣಗಳಲ್ಲಿ, ಟೆಲಿವಿಷನ್ ಕಂಪೆನಿಗಳ ಕೋಟಿಗಟ್ಟಲೆ ಡಾಲರುಗಳ ನಡುವೆ ನಡೆಯುವ ದೊಡ್ಡ ವಿಶ್ವವಿದ್ಯಾಲಯಗಳ ಪಂದ್ಯಗಳೊಡನೆ ಇದನ್ನು ಹೋಲಿಸುವಂತೆಯೇ ಇಲ್ಲ. ಆದರೂ ಅಭಿಮಾನಿಗಳು ಇದನ್ನು ‘ಅಮೆರಿಕದ ಅತಿ ದೊಡ್ಡ ಪುಟ್ಟ ಪಂದ್ಯ’ ಎಂದು ಕರೆದುಕೊಳ್ಳುತ್ತಾರೆ. ಪದವಿ ಪಡೆದು ನಲವತ್ತು ಐವತ್ತು ವರ್ಷ ಕಳೆದವರಿಗೂ ಈ ಪಂದ್ಯದ ಸೋಲು ಗೆಲುವು ಇಷ್ಟು ಮುಖ್ಯವಾಗಲು ಕಾರಣವೇನು? ಅದನ್ನು ತಿಳಿಯಲು ಆಟದ ಮೈದಾನವನ್ನು ಬಿಟ್ಟು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮನೆ ಒಡೆದ ಕಥೆ

ವಿಲಿಯಮ್ಸ್ ಕಾಲೇಜು ಆರಂಭವಾದದ್ದು 1793ರಲ್ಲಿ. ಯುದ್ಧದಲ್ಲಿ ಮಡಿದ ಈಫ್ರೆಮ್ ವಿಲಿಯಮ್ಸ್ ಎಂಬ ಸೇನಾಧಿಕಾರಿಯ ಉಯಿಲಿನ ಹಣದಿಂದ ಹುಟ್ಟಿದ್ದ ಶಾಲೆಯೊಂದು ಕಾಲೇಜಾಗಿ ಬೆಳೆಯಿತು. ರಾಜ್ಯದ ವಾಯವ್ಯ ಮೂಲೆಯಲ್ಲಿ, ಬರ್ಕ್‌ಷೈರ್ ಬೆಟ್ಟಗಳ ನಡುವೆ ಇದ್ದ ಈ ಊರಿಗೆ ಆಗ ಸರಿಯಾದ ರಸ್ತೆಯಿರಲಿಲ್ಲ. ರೈಲು ಇನ್ನೂ ಹುಟ್ಟಿರಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತ ಬಂದಂತೆ, ಕಾಲೇಜನ್ನು ಪೂರ್ವಕ್ಕಿರುವ ಕನೆಕ್ಟಿಕಟ್ ನದಿಯ ಕಣಿವೆಗೆ ಸಾಗಿಸಿದರೆ ಉಳಿದೀತೆಂಬ ಯೋಚನೆ ಆಡಳಿತ ಮಂಡಳಿಗೆ ಬಂತು. ಆದರೆ ರಾಜ್ಯದ ಶಾಸನಸಭೆ 1820ರಲ್ಲಿ ಇದಕ್ಕೆ ಅನುಮತಿ ಕೊಡಲಿಲ್ಲ.

ಸ್ಥಳಾಂತರಕ್ಕೆ ಒತ್ತಾಸೆಯಾಗಿ ನಿಂತಿದ್ದವರು ಕಾಲೇಜಿನ ಅಧ್ಯಕ್ಷರಾಗಿದ್ದ ಜೆಫನಾಯ ಸ್ವಿಫ್ಟ್ ಮೂರ್. ಅವರದು ನಮ್ಮ ಕಾಲೇಜುಗಳ ಪ್ರಾಂಶುಪಾಲರ ಸ್ಥಾನವೆಂದು ತಿಳಿದರಾಯಿತು. ಅದೇ ಕಣಿವೆಯ ಆಮ್ಹರ್ಸ್ಟ್ ಊರಿನಲ್ಲಿ ಸ್ಥಳೀಯ ಮುಖಂಡರು ಹೊಸ ವಿದ್ಯಾಸಂಸ್ಥೆಯೊಂದನ್ನು ಕಟ್ಟಲು ಹೊರಟಿದ್ದರು. ಅವರಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್ ಇದ್ದರು. ಕವಯಿತ್ರಿ ಎಮಿಲಿ ಡಿಕಿನ್‌ಸನ್‌ಳ ಅಜ್ಜ ಸ್ಯಾಮ್ಯುಯೆಲ್ ಫೌಲರ್ ಡಿಕಿನ್‌ಸನ್ ಸಹ ಇದ್ದರು. ಅವರು ಮೂರ್ ಅವರನ್ನು ಕರೆದರು. 1821ರಲ್ಲಿ ಮೂರ್ ವಿಲಿಯಮ್ಸ್ ಬಿಟ್ಟು ಆಮ್ಹರ್ಸ್ಟಿನ ಮೊದಲ ಅಧ್ಯಕ್ಷರಾದರು. ಹದಿನೈದು ಮಂದಿ ವಿದ್ಯಾರ್ಥಿಗಳು ಅವರ ಹಿಂದೆಯೇ ಹೊರಟರು.

ಅವಿಭಕ್ತ ಕುಟುಂಬದಲ್ಲಿ ಹಿರಿಯನೊಬ್ಬ ಜಗಳವಾಡಿ ಬೇರೆ ಮನೆ ಮಾಡಿದಾಗ, ‘ಹೋಗುವಾಗ ಅಜ್ಜಿಯ ಒಡವೆಯನ್ನೂ ಒಯ್ದ’ ಎಂಬ ಮಾತು ಹುಟ್ಟಿಕೊಳ್ಳುವುದುಂಟು. ಇಲ್ಲಿಯೂ ಹಾಗೆಯೇ ಆಯಿತು. ಮೂರ್ ಹೋಗುವಾಗ ವಿಲಿಯಮ್ಸಿನ ಗ್ರಂಥಾಲಯದ ಪುಸ್ತಕಗಳನ್ನೂ ಕದ್ದೊಯ್ದರು ಎಂಬ ಕಥೆ ತಲೆಮಾರುಗಳಿಂದ ನಡೆದುಬಂದಿದೆ. ಇದಕ್ಕೆ ಆಧಾರವಿಲ್ಲವೆಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಆದರೂ ಪಂದ್ಯದ ದಿನ ವಿಲಿಯಮ್ಸಿನವರು ‘ನಮ್ಮ ಪುಸ್ತಕ ಕೊಡಿ’ ಎಂದು ಎದುರಾಳಿಗಳನ್ನು ಕಿಚಾಯಿಸುವುದು ನಿಂತಿಲ್ಲ.

ಹಳೆಯ ವಿದ್ಯಾರ್ಥಿಗಳ ಮೊದಲ ಸಂಘ

ಅಧ್ಯಕ್ಷರು ಹೋದರು, ಹುಡುಗರು ಹೋದರು. ಇನ್ನು ಕಾಲೇಜಿನ ಬಾಗಿಲು ಮುಚ್ಚುವುದೊಂದೇ ಬಾಕಿ ಎಂಬ ಸುದ್ದಿ ಹಬ್ಬಿತು. ಆಗ ಮುಂದೆ ಬಂದವರು ಅಲ್ಲಿ ಓದಿ ಹೋಗಿದ್ದ ಪದವೀಧರರು. 1821ರ ಸೆಪ್ಟೆಂಬರಿನ ಘಟಿಕೋತ್ಸವದ ಸಂದರ್ಭದಲ್ಲಿ ಅವರು ಒಂದೆಡೆ ಸೇರಿ ‘ಸೊಸೈಟಿ ಆಫ್ ಅಲುಮ್ನೈ’ ಎಂಬ ಸಂಘವನ್ನು ಕಟ್ಟಿದರು. ಇಂದಿಗೂ ನಡೆದುಬಂದಿರುವ ಹಳೆಯ ವಿದ್ಯಾರ್ಥಿಗಳ ಸಂಘಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಹೆಸರಾಗಿದೆ. ಹೊಸ ಅಧ್ಯಕ್ಷ ಎಡ್ವರ್ಡ್ ಡಾರ್ ಗ್ರಿಫಿನ್ ಅವರ ಕಾಲದಲ್ಲಿ ಕಾಲೇಜು ಚೇತರಿಸಿಕೊಂಡಿತು.

ಗಮನಿಸಬೇಕಾದದ್ದು ಇದನ್ನೇ. ಪ್ರತಿಸ್ಪರ್ಧಿ ಕಾಲೇಜು ಮತ್ತು ಹಳೆಯ ವಿದ್ಯಾರ್ಥಿಗಳ ಸಂಘ, ಎರಡೂ ಹುಟ್ಟಿದ್ದು ಒಂದೇ ವರ್ಷದಲ್ಲಿ, ಒಂದೇ ಬಿಕ್ಕಟ್ಟಿನಿಂದ. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ವರ್ಷಕ್ಕೊಮ್ಮೆ ಊಟ, ಗುರುವಂದನೆ, ಒಂದು ಗುಂಪು ಛಾಯಾಚಿತ್ರ ಎಂಬ ಭಾವನೆ ಸಾಮಾನ್ಯ. ವಿಲಿಯಮ್ಸಿನ ಸಂಘ ಹುಟ್ಟಿದ್ದು ಸಂತೋಷಕೂಟಕ್ಕಾಗಿ ಅಲ್ಲ, ಕಾಲೇಜಿನ ಪ್ರಾಣ ಉಳಿಸಲಿಕ್ಕೆ. ಮುಂದೆ ಅಮೆರಿಕದ ಸಣ್ಣ ಕಾಲೇಜುಗಳೆಲ್ಲ ಹಿಡಿದ ದಾರಿ ಇದೇ. ಖಾಸಗಿಯಾಗಿರುವ ಇವುಗಳಿಗೆ ಸರ್ಕಾರದ ನೇರ ಅನುದಾನದ ಆಸರೆ ಇಲ್ಲ. ಓದಿ ಹೋದವರ ಮಮತೆಯೇ ಬಂಡವಾಳ. ಆ ಮಮತೆ ವರ್ಷವರ್ಷವೂ ಹಸಿರಾಗಿರಲು ಒಂದು ನೆಪ ಬೇಕು. ಆ ನೆಪವನ್ನು ಆಟ ಒದಗಿಸಿತು.

ಮೊದಲ ಬೇಸ್‌ಬಾಲ್ ಪಂದ್ಯ

1859ರಲ್ಲಿ ಆಮ್ಹರ್ಸ್ಟಿನ ಹುಡುಗರು ವಿಲಿಯಮ್ಸಿಗೆ ಬೇಸ್‌ಬಾಲ್ ಆಟದ ಸವಾಲು ಕಳಿಸಿದರು. ಯಾರ ಮನೆಯಂಗಳವೂ ಬೇಡವೆಂದು ಪಿಟ್ಸ್‌ಫೀಲ್ಡ್ ಎಂಬ ಊರನ್ನು ಆರಿಸಿಕೊಂಡರು. ಜುಲೈ 1ರಂದು ಅಲ್ಲಿ ನಡೆದದ್ದು ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವಿನ ಮೊಟ್ಟಮೊದಲ ಬೇಸ್‌ಬಾಲ್ ಪಂದ್ಯ. ಇಂದಿನ ಬೇಸ್‌ಬಾಲಿನಲ್ಲಿ ತಂಡಕ್ಕೆ ಒಂಬತ್ತು ಮಂದಿ. ಅಂದು ಹದಿಮೂರು ಮಂದಿ ಇದ್ದರು. ಅಂದಿನ ಮ್ಯಾಸಚೂಸೆಟ್ಸ್ ನಿಯಮದಂತೆ, ಓಡುವವನಿಗೆ ಚೆಂಡಿನಿಂದ ಹೊಡೆದರೆ ಅವನು ಔಟ್. ನಮ್ಮ ಲಗೋರಿಯ ನೆನಪು ತರುವ ನಿಯಮ ಅದು. ಆಮ್ಹರ್ಸ್ಟ್ 73–32ರಿಂದ ಗೆದ್ದಿತು. ಆಮ್ಹರ್ಸ್ಟಿನ ಪರ ಚೆಂಡೆಸೆದವನು ವಿದ್ಯಾರ್ಥಿಯೇ ಅಲ್ಲ, ಊರಿನ ಕಮ್ಮಾರ ಎಂಬ ಗುಸುಗುಸು ಕೂಡಲೇ ಹಬ್ಬಿತು. ಆಟದೊಡನೆ ಬುದ್ಧಿಯ ಪರೀಕ್ಷೆಯೂ ಆಗಲೆಂದು ಚದುರಂಗದ ಪಂದ್ಯವನ್ನೂ ಇಟ್ಟುಕೊಂಡಿದ್ದರು. ಅದರಲ್ಲಿಯೂ ಆಮ್ಹರ್ಸ್ಟಿನದೇ ಗೆಲುವು.

1880ರ ದಶಕದಲ್ಲಿ ಫುಟ್‌ಬಾಲ್ ಬಂತು. ಇದು ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಅಡ್ಡ ಬಂದವರನ್ನು ಕೆಡವುತ್ತ ಮುನ್ನುಗ್ಗುವ ಆಟ. ಕಾಲೇಜು ವರ್ಷದ ಹಬ್ಬಗಳಲ್ಲಿ ಇದಕ್ಕೆ ಅಗ್ರಸ್ಥಾನ ದೊರೆಯಿತು. ವೆಸ್ಲಿಯನ್ ಎಂಬ ಮತ್ತೊಂದು ಕಾಲೇಜನ್ನೂ ಕೂಡಿಸಿ ಈ ಮೂರನ್ನು ‘ಪುಟ್ಟ ಮೂವರು’ ಎಂದು ಕರೆಯುವ ರೂಢಿ ಬೆಳೆಯಿತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ‘ದೊಡ್ಡ ಮೂವರು’ ಆಗಿದ್ದರಿಂದ ಈ ಹೆಸರು. ಸೋಜಿಗವೆಂದರೆ, ವಿಲಿಯಮ್ಸ್ ಮತ್ತು ಆಮ್ಹರ್ಸ್ಟ್ ಎರಡರ ಬಣ್ಣವೂ ನೇರಳೆಯೇ. ಒಂದು ಅದಕ್ಕೆ ಹೊಂಬಣ್ಣ ಸೇರಿಸುತ್ತದೆ, ಇನ್ನೊಂದು ಬಿಳಿ.

ಅಧ್ಯಕ್ಷರೂ ಅಭಿಮಾನಿಗಳೇ

ಓದಿದ ಕಾಲೇಜಿನ ಮೇಲಿನ ಈ ಅಭಿಮಾನ ದೇಶದ ಅತ್ಯುನ್ನತ ಪದವಿಗೇರಿದವರನ್ನೂ ಬಿಡಲಿಲ್ಲ. ಜೇಮ್ಸ್ ಗಾರ್ಫೀಲ್ಡ್ 1856ರಲ್ಲಿ ವಿಲಿಯಮ್ಸಿನಿಂದ ಪದವಿ ಪಡೆದವರು. ದಿಮ್ಮಿಯ ಒಂದು ತುದಿಯಲ್ಲಿ ಮಾರ್ಕ್ ಹಾಪ್ಕಿನ್ಸ್ ಅವರಂಥ ಗುರು, ಇನ್ನೊಂದು ತುದಿಯಲ್ಲಿ ಒಬ್ಬ ಶಿಷ್ಯ ಇದ್ದರೆ ಕಾಲೇಜಿಗೆ ಅಷ್ಟೇ ಸಾಕೆಂಬ ಅರ್ಥದ ಮಾತು ಅವರದೆಂದು ಪ್ರಸಿದ್ಧವಾಗಿದೆ. ಅವರು ಅದನ್ನು ಆಡಿದ್ದು ಹಳೆಯ ವಿದ್ಯಾರ್ಥಿಗಳ ಭೋಜನಕೂಟದಲ್ಲಿ. 1881ರ ಜುಲೈ 2ರಂದು ರಾಷ್ಟ್ರಾಧ್ಯಕ್ಷ ಗಾರ್ಫೀಲ್ಡ್ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡೇಟಿಗೆ ಗುರಿಯಾದರು. ಆ ದಿನ ಅವರು ಹೊರಟಿದ್ದ ಪಯಣದಲ್ಲಿ ತಮ್ಮ ಹಳೆಯ ಕಾಲೇಜಿನ ಘಟಿಕೋತ್ಸವಕ್ಕೆ ಹೋಗುವುದೂ ಸೇರಿತ್ತು. ಅವರ ಪದವಿಗೆ ಆಗ ಇಪ್ಪತ್ತೈದು ವರ್ಷ. ಆಮ್ಹರ್ಸ್ಟಿನ ಪಾಲಿಗೆ 1895ರ ಪದವೀಧರ ಕ್ಯಾಲ್ವಿನ್ ಕೂಲಿಡ್ಜ್ ಇದ್ದಾರೆ. ಅವರು ಕಾಲೇಜಿನ ಆಡಳಿತ ಮಂಡಳಿಯಲ್ಲಿಯೂ ಇದ್ದರು. ‘ನಿಮಗೊಬ್ಬ ರಾಷ್ಟ್ರಾಧ್ಯಕ್ಷನಾದರೆ ನಮಗೂ ಒಬ್ಬ’ ಎಂಬ ಲೆಕ್ಕ ಅಲ್ಲಿಗೆ ಸರಿಹೋಯಿತು.

ಅಭಿಮಾನದ ಇನ್ನೊಂದು ಮುಖ

ಆದರೆ ಹಣ ಕೊಡುವ ಅಭಿಮಾನಿ ಮಾತನ್ನೂ ಆಡುತ್ತಾನೆ. 1962ರಲ್ಲಿ ವಿಲಿಯಮ್ಸಿನ ಆಡಳಿತ ಮಂಡಳಿ ‘ಫ್ರಟರ್ನಿಟಿ’ ಎಂಬ ವಿದ್ಯಾರ್ಥಿ ಕೂಟಗಳನ್ನು ಕೈಬಿಡಲು ತೀರ್ಮಾನಿಸಿತು. ಈ ಕೂಟಗಳು ತಮಗೆ ಬೇಕಾದವರನ್ನಷ್ಟೇ ಸೇರಿಸಿಕೊಂಡು ಉಳಿದವರನ್ನು ಹೊರಗಿಡುತ್ತಿದ್ದವು. ತಮ್ಮ ಯೌವನದ ಮನೆಯನ್ನೇ ಕೆಡವಿದರೆಂದು ಹಳೆಯ ವಿದ್ಯಾರ್ಥಿಗಳು ಸಿಡಿದೆದ್ದರು. ದೇಣಿಗೆ ನಿಲ್ಲಿಸುವ ಬೆದರಿಕೆಯೂ ಬಂತು. ಆಡಳಿತ ಮಂಡಳಿ ಮಣಿಯಲಿಲ್ಲ. 1970ರ ದಶಕದಲ್ಲಿ ಗಂಡುಮಕ್ಕಳ ಕಾಲೇಜುಗಳಾಗಿದ್ದ ಇವು ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಾಗ ಹಳಬರಲ್ಲಿ ಅನೇಕರಿಗೆ ಅಸಮಾಧಾನವಾಯಿತು.

ಇತ್ತೀಚಿನ ಜಟಾಪಟಿ ನಡೆದದ್ದು ಆಮ್ಹರ್ಸ್ಟಿನಲ್ಲಿ, ತಂಡದ ಲಾಂಛನದ ವಿಷಯವಾಗಿ. ಊರಿಗೆ ಹೆಸರು ಕೊಟ್ಟ ಬ್ರಿಟಿಷ್ ದಂಡನಾಯಕ ಜೆಫ್ರಿ ಆಮ್ಹರ್ಸ್ಟನ ನೆನಪಿನಲ್ಲಿ ಆಟಗಾರರನ್ನು ‘ಲಾರ್ಡ್ ಜೆಫ್ಸ್’ ಎಂದು ಕರೆಯಲಾಗುತ್ತಿತ್ತು. ಇದೇ ದಂಡನಾಯಕ 1763ರಲ್ಲಿ, ಅಲ್ಲಿನ ಮೂಲನಿವಾಸಿಗಳಿಗೆ ಕಂಬಳಿಗಳ ಮೂಲಕ ಸಿಡುಬು ಹರಡಬಹುದೆಂಬ ಆಲೋಚನೆಯನ್ನು ಪತ್ರದಲ್ಲಿ ಬೆಂಬಲಿಸಿದ್ದ. ವಿದ್ಯಾರ್ಥಿಗಳು ಅವನ ಹೆಸರು ಬೇಡವೆಂದರು. ‘ಇಷ್ಟು ವರ್ಷ ಹಾಡಿ ಕುಣಿದ ಹೆಸರನ್ನು ಅಳಿಸುವುದೇ?’ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಮುನಿಯಿತು. 2016ರಲ್ಲಿ ಆಡಳಿತ ಮಂಡಳಿ ಆ ಹೆಸರನ್ನು ಕೈಬಿಟ್ಟಿತು. ಹೊಸದನ್ನು ಆರಿಸುವಾಗ ಹಳಬರ ಅಭಿಪ್ರಾಯವನ್ನೂ ಕೇಳಲಾಯಿತು. 2017ರಲ್ಲಿ ‘ಮ್ಯಾಮತ್’ ಗೆದ್ದಿತು. ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಪ್ರಾಚೀನ ದೈತ್ಯ ಆನೆಯ ಅಸ್ಥಿಪಂಜರವೇ ಇದಕ್ಕೆ ಪ್ರೇರಣೆ. ಹೀಗೆ ವಿಲಿಯಮ್ಸಿನ ನೇರಳೆ ಹಸುವಿಗೆ ಎದುರಾಳಿಯಾಗಿ ಆನೆ ಬಂದು ನಿಂತಿತು.

ಆಟಕ್ಕೆ ಕೊಡುವ ಮಹತ್ವ ಅತಿಯಾಯಿತೇ ಎಂಬ ಪ್ರಶ್ನೆಯೂ ಇದೆ. ಪ್ರಿನ್ಸ್‌ಟನ್ನಿನ ಅಧ್ಯಕ್ಷರಾಗಿದ್ದ ವಿಲಿಯಂ ಬೋವೆನ್ ಅವರು ಜೇಮ್ಸ್ ಷುಲ್ಮನ್ ಅವರೊಡನೆ 2001ರಲ್ಲಿ ಪ್ರಕಟಿಸಿದ ‘ದಿ ಗೇಮ್ ಆಫ್ ಲೈಫ್’ ಎಂಬ ಗ್ರಂಥ ಈ ಚರ್ಚೆಗೆ ಕಿಡಿ ಹಚ್ಚಿತು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕಾಲೇಜು ತಂಡಗಳಿಗೆ ಆಡುವವರು ಸಾವಿರಾರು ವಿದ್ಯಾರ್ಥಿಗಳ ನಡುವೆ ಬೆರಳೆಣಿಕೆಯ ಪಾಲು. ಸಣ್ಣ ಕಾಲೇಜುಗಳಲ್ಲಾದರೋ ಸುಮಾರು ಮೂರರಲ್ಲಿ ಒಬ್ಬ ಆಟಗಾರ. ತಂಡಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ, ವಿದ್ಯಾರ್ಥಿಗಳು ಮಾತ್ರ ಕಡಿಮೆ. ಹೀಗಾಗಿ ಪ್ರವೇಶದ ವೇಳೆ ತರಬೇತುದಾರನ ಶಿಫಾರಸು ಪಡೆದವನಿಗೆ ಸಿಗುವ ಅನುಕೂಲ, ಉಳಿದವರ ಅವಕಾಶವನ್ನು ದೊಡ್ಡ ಪ್ರಮಾಣದಲ್ಲಿ ಕಿತ್ತುಕೊಳ್ಳುತ್ತದೆ ಎಂಬುದು ಅವರ ಆಕ್ಷೇಪ. ಆಟ ಚಿಕ್ಕದಾದರೂ ಚಿಕ್ಕ ಕಾಲೇಜಿನ ಮೇಲೆ ಅದರ ನೆರಳು ದೊಡ್ಡದು.

ಉಳಿದವರು, ಅಳಿದವರು

ಇಷ್ಟಾದರೂ ಅಭಿಮಾನದ ಬೆಲೆ ಏನೆಂಬುದು ಅದಿಲ್ಲದ ಕಡೆ ತಿಳಿಯುತ್ತದೆ. ವಿಲಿಯಮ್ಸ್ ಮತ್ತು ಆಮ್ಹರ್ಸ್ಟ್ ಬಳಿ ಇಂದು ತಲಾ ಮುನ್ನೂರು ಕೋಟಿ ಡಾಲರಿಗೂ ಮಿಕ್ಕ ನಿಧಿ ಇದೆ. ಅದರ ಬೇರು ಇರುವುದು ತಲೆಮಾರುಗಳ ಹಳೆಯ ವಿದ್ಯಾರ್ಥಿಗಳ ದೇಣಿಗೆಯಲ್ಲಿ. ವಿಲಿಯಮ್ಸ್‌ಟೌನಿನಿಂದ ಉತ್ತರಕ್ಕೆ, ರಾಜ್ಯದ ಗಡಿ ದಾಟಿದರೆ ಅರ್ಧ ಗಂಟೆಯ ದಾರಿಯಲ್ಲಿ ಬೆನಿಂಗ್ಟನ್ ಎಂಬ ಊರಿದೆ. ಅಲ್ಲಿದ್ದ ಸದರ್ನ್ ವರ್ಮಾಂಟ್ ಕಾಲೇಜು 2019ರಲ್ಲಿ ಮುಚ್ಚಿತು. ಅದೇ ವರ್ಷ ಅದೇ ರಾಜ್ಯದ ಗ್ರೀನ್ ಮೌಂಟನ್ ಕಾಲೇಜಿನ ಬಾಗಿಲೂ ಮುಚ್ಚಿತು. ಕೈಯಲ್ಲಿ ನಿಧಿಯಿಲ್ಲದ, ವಿದ್ಯಾರ್ಥಿಗಳೂ ಕಡಿಮೆಯಾದ ಸಣ್ಣ ಕಾಲೇಜುಗಳು ಒಂದೊಂದಾಗಿ ಕಣ್ಮುಚ್ಚುತ್ತಿವೆ.

ಇದಕ್ಕೆ ಎದುರಾಗಿ ವರ್ಜೀನಿಯಾ ರಾಜ್ಯದ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜಿನ ಉದಾಹರಣೆಯಿದೆ. 2015ರ ಮಾರ್ಚಿನಲ್ಲಿ ಅದರ ಆಡಳಿತ ಕಾಲೇಜನ್ನು ಮುಚ್ಚುವುದಾಗಿ ಘೋಷಿಸಿತು. ಹಳೆಯ ವಿದ್ಯಾರ್ಥಿನಿಯರು ನ್ಯಾಯಾಲಯದ ಮೆಟ್ಟಿಲೇರಿದರು, ಹಣ ಕೂಡಿಸಿದರು. ಜೂನ್ ತಿಂಗಳಲ್ಲಿ ರಾಜಿಯಾಗಿ, 1.2 ಕೋಟಿ ಡಾಲರ್ ಒದಗಿಸುವ ಹೊಣೆಯನ್ನು ಅವರು ಹೊತ್ತರು. ಕಾಲೇಜು ಉಳಿಯಿತು. 1821ರಲ್ಲಿ ವಿಲಿಯಮ್ಸ್‌ಟೌನಿನಲ್ಲಿ ನಡೆದದ್ದೇ ಮತ್ತೊಮ್ಮೆ ನಡೆದಂತಾಯಿತು.

ವಿಲಿಯಮ್ಸ್ ತನ್ನ ಮೈದಾನದ ಆ ಹಬ್ಬದ ಪಂದ್ಯವನ್ನು ಗೆದ್ದ ದಿನ ಅಲ್ಲೊಂದು ಪದ್ಧತಿಯಿದೆ. 1971ರಿಂದ ನಡೆದುಬಂದದ್ದು. ಆಟಗಾರರು ಕೆಸರು ಮೆತ್ತಿದ ಉಡುಪಿನಲ್ಲೇ ಸ್ಪ್ರಿಂಗ್ ಸ್ಟ್ರೀಟ್ ಎಂಬ ಪೇಟೆಬೀದಿಯಲ್ಲಿ ಮೆರವಣಿಗೆ ಹೊರಟು ಒಂದು ಕ್ಷೌರದಂಗಡಿಗೆ ಹೋಗುತ್ತಾರೆ. ಹೊಸಬರ ತಲೆಗೂದಲಿಗೆ ಅಲ್ಲಿ ಕತ್ತರಿ ಬೀಳುತ್ತದೆ. ಬೀದಿಯ ಎರಡೂ ಬದಿಗೆ ಹಳೆಯ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತ ನಿಂತಿರುತ್ತಾರೆ. ಅವರಲ್ಲಿ ಕೆಲವರ ತಲೆಗೂದಲೂ ಒಂದು ಕಾಲಕ್ಕೆ ಅದೇ ಅಂಗಡಿಯಲ್ಲಿ ಉದುರಿತ್ತು. ಸೋತ ದಾಯಾದಿಗಳು ಮುಂದಿನ ನವೆಂಬರಿನಲ್ಲಿ ತಮ್ಮ ಮೈದಾನದಲ್ಲಿ ನೋಡಿಕೊಳ್ಳುತ್ತೇವೆಂದು ಬೆಟ್ಟ ಇಳಿಯುತ್ತಾರೆ. ಆ ಹದಿನೈದು ಹುಡುಗರು ಇಳಿದು ಹೋದದ್ದೂ ಅದೇ ದಿಕ್ಕಿಗೆ.